ಎದುರು ಸೀಟಿನ ಪುಸ್ತಕ



ಈ ಸಲ ಒಂದು ಪ್ರಶ್ನೆಯಿಂದಲೇ ಶುರು ಮಾಡೋಣ. ಲೋಕಲ್ ರೈಲಿನಲ್ಲೋ ಮೆಟ್ರೋದಲ್ಲೋ ನಿಮ್ಮ ಎದುರು ಕೂತವರು ಚೀಲದಿಂದ ಪುಸ್ತಕ ತೆಗೆದರೆ ನೀವೇನು ಮಾಡುತ್ತೀರಿ? ಸುಮ್ಮನೆ ಕಿಟಕಿಯಾಚೆ ನೋಡುತ್ತಾ ಕೂರುತ್ತೀರಾ? ಖಂಡಿತ ಇಲ್ಲ! ಕತ್ತು ತಾನಾಗಿ ಓರೆಯಾಗುತ್ತದೆ. ಕಣ್ಣು ಮುಖಪುಟ ಹುಡುಕುತ್ತದೆ. ಯಾವ ಭಾಷೆ, ಯಾವ ಪುಸ್ತಕ, ಎಷ್ಟು ಓದಿ ಮುಗಿಸಿದ್ದಾರೆ... ಹೆಸರು ಕಾಣಲಿಲ್ಲ ಅಂದರೆ ಇಳಿಯುವವರೆಗೂ ಏನೋ ಒಂದು ಚಡಪಡಿಕೆ. ಅದರಲ್ಲೂ ಆ ಪುಸ್ತಕದ ಮೇಲೆ ದುಂಡಗಿನ ಕನ್ನಡ ಅಕ್ಷರ ಕಂಡಿತೋ, ಮುಗಿಯಿತು. ಆ ದಿನ ಮನೆಗೆ ಹೋದ ಮೇಲೂ ಅದನ್ನೇ ಹೇಳುತ್ತೇವೆ: "ಇವತ್ತು ಟ್ರೇನಿನಲ್ಲಿ ಒಬ್ಬರು ಕನ್ನಡ ಪುಸ್ತಕ ಓದ್ತಾ ಇದ್ದರು ಕಣ್ರೀ!"

ಈ ಕುತೂಹಲ ಎಲ್ಲಿಂದ ಬಂತು, ರೈಲಿಗೂ ಓದಿಗೂ ನಂಟು ಹೇಗೆ ಬೆಳೆಯಿತು, ಊರು ಬಿಟ್ಟು ಬಂದ ನಮ್ಮಂಥವರಿಗೆ ಎದುರು ಸೀಟಿನ ಪುಸ್ತಕ ಯಾಕೆ ಇಷ್ಟು ಮುಖ್ಯ, ಇದಿಷ್ಟು ಈ ಸಲದ ಮಾತು.

ರೈಲು ಕಲಿಸಿದ ಓದು

ಹಿಂದಿನವರು ಪ್ರಯಾಣ ಮಾಡುತ್ತಿದ್ದದ್ದು ಎತ್ತಿನ ಗಾಡಿಯಲ್ಲಿ, ಜಟಕಾದಲ್ಲಿ, ದೋಣಿಯಲ್ಲಿ. ಜೊತೆಗಿದ್ದವರು ಹೆಚ್ಚಾಗಿ ಮನೆಯವರು, ಊರಿನವರು. ಹೊಸಬರಾದರೂ ದಾರಿ ಸಾಗುವಷ್ಟರಲ್ಲಿ ಮಾತು ಬೆಳೆದು ಪರಿಚಯವಾಗುತ್ತಿತ್ತು. ರೈಲು ಬಂದದ್ದೇ ತಡ, ಗುರುತೇ ಇಲ್ಲದ ಹತ್ತಾರು ಜನ ಎದುರುಬದುರು ಕೂರಬೇಕಾಯಿತು. ಜರ್ಮನಿಯ ಸಮಾಜಶಾಸ್ತ್ರಜ್ಞ ಗೆಯೋರ್ಗ್ ಸಿಮ್ಮೆಲ್ 1908ರಲ್ಲಿ ಬಂದ ತನ್ನ ಗ್ರಂಥದಲ್ಲಿ ಇದನ್ನೇ ಗುರುತಿಸಿದ್ದಾನೆ. ರೈಲು, ಟ್ರಾಮು, ಬಸ್ಸುಗಳು ಬರುವವರೆಗೂ ಮನುಷ್ಯರು ಗಂಟೆಗಟ್ಟಲೆ ಮಾತಿಲ್ಲದೆ ಒಬ್ಬರ ಮುಖ ಒಬ್ಬರು ನೋಡುತ್ತಾ ಕೂರುವ ಪ್ರಸಂಗವೇ ಇರಲಿಲ್ಲ ಎಂಬುದು ಅವನ ಮಾತಿನ ಸಾರ. ಮಾತಾಡುವ ಹಾಗಿಲ್ಲ, ನೋಡದೆ ಇರುವ ಹಾಗೂ ಇಲ್ಲ. ಕಣ್ಣಿಗೊಂದು ನೆಲೆ ಬೇಕು. ಆ ನೆಲೆಯೇ ಪುಸ್ತಕ.

ವ್ಯಾಪಾರಿಗಳಿಗೆ ಇದು ಬೇಗ ಹೊಳೆಯಿತು. ಲಂಡನ್ನಿನ ಯೂಸ್ಟನ್ ನಿಲ್ದಾಣದಲ್ಲಿ 1848ರಲ್ಲಿ ಡಬ್ಲ್ಯು.ಎಚ್. ಸ್ಮಿತ್ ಸಂಸ್ಥೆ ಪುಸ್ತಕದ ಅಂಗಡಿ ತೆರೆಯಿತು. ನಮ್ಮಲ್ಲಿ ಬೋರಿ ಬಂದರಿನಿಂದ ಠಾಣೆಗೆ ಮೊದಲ ರೈಲು ಓಡಿದ್ದು 1853ರ ಏಪ್ರಿಲ್ 16ರಂದು. ಅದಾಗಿ ಕಾಲು ಶತಮಾನ ಕಳೆಯುವ ಮೊದಲೇ, 1877ರಲ್ಲಿ, ಅಲಹಾಬಾದಿನಲ್ಲಿ ಎ.ಎಚ್. ವ್ಹೀಲರ್ ಕಂಪನಿ ಹುಟ್ಟಿತು. 1888ರಲ್ಲಿ ಅದೇ ಕಂಪನಿ ರೈಲು ಪ್ರಯಾಣಿಕರಿಗೆಂದೇ ಒಂದು ಪುಸ್ತಕ ಮಾಲೆ ಹೊರತಂದಿತು. ಒಂದೊಂದು ಪುಸ್ತಕಕ್ಕೆ ಒಂದು ರೂಪಾಯಿ. ಅದರಲ್ಲಿ ಕಥೆ ಬರೆದವನು ಆಗ ಇಪ್ಪತ್ತೆರಡು ವರ್ಷದ ರಡ್ಯಾರ್ಡ್ ಕಿಪ್ಲಿಂಗ್! ಜಗತ್ತು ಮುಂದೆ ಕೊಂಡಾಡಿದ ಲೇಖಕನ ಆರಂಭದ ಪುಸ್ತಕಗಳು ನಮ್ಮ ಪ್ಲಾಟ್‌ಫಾರಂಗಳಲ್ಲಿ ಮಾರಾಟವಾದವು. ದಕ್ಷಿಣದಲ್ಲಿ ಅದೇ ಕೆಲಸ ಮಾಡಿದ್ದು ಮದರಾಸಿನಲ್ಲಿ 1844ರಲ್ಲಿ ಶುರುವಾದ ಹಿಗಿನ್‌ಬಾಥಮ್ಸ್. ಚೆನ್ನೈ ಕೇಳುಗರಿಗೆ ಅಣ್ಣಾ ಸಾಲೆಯ ಆ ಬಿಳಿ ಕಟ್ಟಡ ಗೊತ್ತೇ ಇದೆ.

ರೈಲಿಗೆ ಒಪ್ಪುವ ಪುಸ್ತಕ ಚಿಕ್ಕದಿರಬೇಕು, ಒಂದೇ ಕೈಯಲ್ಲಿ ಹಿಡಿಯುವಂತಿರಬೇಕು, ಎಲ್ಲಿ ಬೇಕಾದರೂ ನಿಲ್ಲಿಸಿ ಮತ್ತೆ ಶುರು ಮಾಡುವಂತಿರಬೇಕು. 1956ರಲ್ಲಿ ಹುಬ್ಬಳ್ಳಿಯಿಂದ ಹೊರಬಂದ 'ಕಸ್ತೂರಿ' ಮಾಸಪತ್ರಿಕೆಯ ಆಕಾರ ನೆನಪಿಸಿಕೊಳ್ಳಿ. ಅಂಗೈಗೆ ಸರಿಯಾಗಿ ಕೂರುತ್ತದೆ, ಚೀಲದಲ್ಲಿ ಟಿಫಿನ್ ಡಬ್ಬಿಯ ಪಕ್ಕ ನಿಲ್ಲುತ್ತದೆ. ಊರಿಂದ ಬರುವ ಅಣ್ಣನೋ ಮಾವನೋ ಬಸ್ ಸ್ಟ್ಯಾಂಡಿನಲ್ಲಿ ಕೊಂಡು ತಂದ ಒಂದು ಸಂಚಿಕೆ ಇಲ್ಲಿ ನಾಲ್ಕು ಮನೆ ಸುತ್ತುತ್ತಿತ್ತು ಎಂದು ಹಿರಿಯ ಕೇಳುಗರು ಹೇಳುವುದುಂಟು.

ಲೋಕಲ್ ಎಂಬ ವಾಚನಾಲಯ

ಮುಂಬೈ ಲೋಕಲ್ ಹತ್ತದವರು "ಆ ನೂಕುನುಗ್ಗಲಲ್ಲಿ ಓದೋದು ಎಲ್ಲಿಂದ ಬಂತು ಮಾರಾಯ್ರೇ?" ಎಂದು ಕೇಳಬಹುದು. ಓದುತ್ತಾರೆ, ಮತ್ತು ಅದಕ್ಕೊಂದು ಕ್ರಮವೂ ಇದೆ.

ಮೂವರ ಸೀಟಿನಲ್ಲಿ ನಾಲ್ಕನೆಯವರು ಅಂಚಿನಲ್ಲಿ ತೂಗುತ್ತಾ ಕೂರುತ್ತಾರಲ್ಲ, ಆ 'ಫೋರ್ತ್ ಸೀಟ್'ನವರ ಕೈಯಲ್ಲಿ ಪುಸ್ತಕ ಕಾಣುವುದು ಕಡಿಮೆ. ಅವರ ಗಮನವೆಲ್ಲ ಜಾರಿ ಬೀಳದೆ ಕೂರುವುದರ ಮೇಲೆ. ಪುಸ್ತಕ ಹೆಚ್ಚಾಗಿ ಕಾಣುವುದು ಕಿಟಕಿಯ ಪಕ್ಕದಲ್ಲಿ, ಅಂದರೆ ರೈಲು ಹೊರಡುವ ನಿಲ್ದಾಣದಲ್ಲೇ ಹತ್ತಿದವರ ಕೈಯಲ್ಲಿ. ಇಂಥ ಸೀಟಿಗಾಗಿಯೇ ಎರಡು ನಿಲ್ದಾಣ ಹಿಂದಕ್ಕೆ ಹೋಗಿ, ಅದೇ ರೈಲಿನಲ್ಲಿ ಕೂತು ವಾಪಸು ಬರುವವರಿದ್ದಾರೆ. ಇನ್ನು ನಿಂತು ಓದುವವರ ಕೌಶಲ್ಯವೇ ಬೇರೆ. ಪತ್ರಿಕೆಯನ್ನು ಉದ್ದಕ್ಕೆ ಒಂದು ಸಲ, ಅಡ್ಡಕ್ಕೆ ಒಂದು ಸಲ ಮಡಚಿ, ಅಂಗೈ ಎರಡರಷ್ಟು ಜಾಗದಲ್ಲಿ ಒಂದು ವರದಿ ಓದಿ, ಪಕ್ಕದವರ ಮೂಗಿಗೆ ತಾಗದಂತೆ ಮಗುಚುತ್ತಾರೆ. ಹೆಂಗಸರ ಬೋಗಿಯಲ್ಲಿ ಬೆಳಿಗ್ಗೆ ಪೋಥಿ, ಸ್ತೋತ್ರ, ಪರೀಕ್ಷೆಯ ಗೈಡು, ಕಾದಂಬರಿ. ಸಂಜೆಗೆ ಅದೇ ಮಡಿಲಲ್ಲಿ ಬಟಾಣಿ ಸುಲಿಯುವ, ಮೇಥಿ ಬಿಡಿಸುವ ಕೆಲಸ. ಯಾರಾದರೂ ಪುಸ್ತಕ ಮುಚ್ಚಿ ನಡುವೆ ರೈಲಿನ ಪಾಸ್ ಇಟ್ಟರೆ ಸುತ್ತ ನಿಂತವರೆಲ್ಲ ಎಚ್ಚರಾಗುತ್ತಾರೆ. ಅವರು ಇಳಿಯುವ ಸ್ಟೇಷನ್ ಹತ್ತಿರ ಬಂತು, ಸೀಟು ಖಾಲಿಯಾಗುತ್ತದೆ! ಇಲ್ಲಿ ಓದುಗರನ್ನು ಗಮನಿಸುವುದು ಹೊಟ್ಟೆಪಾಡಿನ ವಿದ್ಯೆಯೂ ಹೌದು.

ಬಸ್ಸಿನಲ್ಲಿ ಇಷ್ಟು ಓದುಗರು ಯಾಕೆ ಸಿಗುವುದಿಲ್ಲ? ಕಾರಣ ನಮ್ಮ ಕಿವಿಯೊಳಗೇ ಇದೆ. ದೇಹದ ಸಮತೋಲ ನೋಡಿಕೊಳ್ಳುವ ಅಂಗ ಒಳಕಿವಿಯಲ್ಲಿದೆ. ಬಸ್ಸು ತಿರುಗಿದಾಗ, ಬ್ರೇಕ್ ಹಾಕಿದಾಗ, ಹಂಪ್ ಹಾರಿದಾಗ ಅದು "ನಾವು ಚಲಿಸುತ್ತಿದ್ದೇವೆ" ಎಂದು ಮಿದುಳಿಗೆ ವರದಿ ಕೊಡುತ್ತದೆ. ಪುಟದ ಮೇಲೆ ನೆಟ್ಟ ಕಣ್ಣು "ಇಲ್ಲ, ಎಲ್ಲವೂ ನಿಂತಿದೆ" ಎನ್ನುತ್ತದೆ. ಈ ಎರಡು ವರದಿಗಳ ಜಗಳವೇ ತಲೆಸುತ್ತು, ಹೊಟ್ಟೆ ತೊಳಸು. ಹಳಿಯ ಮೇಲಿನ ರೈಲಿಗೆ ಅಂಥ ಹಠಾತ್ ತಿರುವು ಕಡಿಮೆ, ಹಾಗಾಗಿ ಜಗಳವೂ ಕಡಿಮೆ. ಆದರೂ ಕನ್ನಡ ಓದುಗರಿಗೆ ಒಂದು ಹೆಚ್ಚುವರಿ ಕಷ್ಟ ಇದ್ದೇ ಇದೆ, ನಮ್ಮ ಒತ್ತಕ್ಷರಗಳು! ಸಾಲಿನ ಕೆಳಗೆ ಸಣ್ಣದಾಗಿ ಕೂತಿರುವ ಅವು ರೈಲು ಕುಲುಕಿದಾಗ ಮೊದಲು ಮಸುಕಾಗುತ್ತವೆ.

ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಹೋಗುತ್ತಾ ಹತ್ತು, ಬರುತ್ತಾ ಹತ್ತು, ದಿನಕ್ಕೆ ಇಪ್ಪತ್ತು ಪುಟ ಓದಿದರೂ 250 ಕೆಲಸದ ದಿನಕ್ಕೆ 5000 ಪುಟ. ಇನ್ನೂರು ಪುಟದ ಕಾದಂಬರಿಯಾದರೆ ವರ್ಷಕ್ಕೆ ಇಪ್ಪತ್ತೈದು. "ಓದೋಕೆ ಟೈಮೇ ಇಲ್ಲ" ಎನ್ನುವ ಊರಿನಲ್ಲಿ ಇಷ್ಟು ಓದು ಯಾರಿಗೂ ಕಾಣದಂತೆ ನಡೆಯುತ್ತದೆ.

ದೂರದಿಂದಲೇ ಲಿಪಿ ಗುರುತಿಸುವುದು

ಎದುರು ಸೀಟಿನ ಪುಸ್ತಕದಲ್ಲಿ ಮೊದಲು ಕಾಣುವುದು ಹೆಸರಲ್ಲ, ಲಿಪಿ. ಮುಂಬೈ, ಪುಣೆಗಳಲ್ಲಿ ಮರಾಠಿ, ಹಿಂದಿ ಪುಸ್ತಕಗಳ ಅಕ್ಷರಗಳು ತಲೆಯ ಮೇಲೊಂದು ಗೆರೆ ಎಳೆದುಕೊಂಡಿರುತ್ತವೆ, ಬಟ್ಟೆ ಒಣಹಾಕುವ ಹಗ್ಗದ ಹಾಗೆ. ಆ ಹಗ್ಗ ತೆಗೆದುಬಿಟ್ಟರೆ ಬಹಳಷ್ಟು ಗುಜರಾತಿಯಂತೆ ಕಾಣುತ್ತದೆ. ಉರ್ದು ಪತ್ರಿಕೆ ಹಿಡಿದವರ ಮೊದಲ ಪುಟ ನಮ್ಮ ಲೆಕ್ಕದಲ್ಲಿ ಕೊನೆಯ ಪುಟ. ಚೆನ್ನೈಯಲ್ಲಿ ತಮಿಳಿನ ಅಕ್ಷರಗಳಲ್ಲಿ ನೆಟ್ಟಗಿನ ಗೆರೆ, ಮೂಲೆಗಳು ಹೆಚ್ಚು, ಒತ್ತಕ್ಷರ ಇಲ್ಲ. ದೂರದಿಂದಲೂ ಗೊಂದಲವಾಗದು.

ನಿಜವಾದ ಪರೀಕ್ಷೆ ಹೈದರಾಬಾದಿನ ಕೇಳುಗರಿಗೆ. ಎಂಎಂಟಿಎಸ್ ರೈಲಿನಲ್ಲೋ ಮೆಟ್ರೋದಲ್ಲೋ ಎದುರಿಗೆ ದುಂಡಗಿನ ಅಕ್ಷರ ಕಂಡು ಎದೆ ಜಿಗ್ ಎನ್ನುತ್ತದೆ, ಹತ್ತಿರ ಹೋದರೆ ತೆಲುಗು! ಎರಡೂ ಒಂದೇ ತಾಯಿಯ ಮಕ್ಕಳು. ಹಳೆಯ ಶಾಸನಗಳಲ್ಲಿ ಎರಡಕ್ಕೂ ಒಂದೇ ಲಿಪಿ ಇತ್ತು, ಶತಮಾನಗಳು ಉರುಳಿದಂತೆ ಬೇರೆ ಬೇರೆ ಆದವು. ಗುರುತಿಸಲು ತಲೆಕಟ್ಟು ನೋಡಿ. ತೆಲುಗಿನ ತಲೆಕಟ್ಟು ಮೇಷ್ಟ್ರು ಸರಿ ಉತ್ತರಕ್ಕೆ ಹಾಕುವ ಗುರುತಿನ ಹಾಗೆ ಮೇಲಕ್ಕೆ ಚಿಮ್ಮಿರುತ್ತದೆ. ಕನ್ನಡದ್ದು ಅಡ್ಡಲಾಗಿ ಮಲಗಿ ತುದಿಯಲ್ಲಿ ಸುರುಳಿಯಾಗುತ್ತದೆ. ಇಷ್ಟು ಗೊತ್ತಿದ್ದರೆ ಬೋಗಿಯ ಆ ತುದಿಯಿಂದಲೂ ಹೇಳಬಹುದು. ದೆಹಲಿಯಲ್ಲಿ ಈ ಸಮಸ್ಯೆ ಕಡಿಮೆ. ಅಲ್ಲಿ ದಕ್ಷಿಣದ ಎಲ್ಲ ಲಿಪಿಗಳನ್ನೂ 'ಜಿಲೇಬಿ' ಎಂದು ಒಂದೇ ತಟ್ಟೆಗೆ ಹಾಕಿಬಿಡುವವರಿದ್ದಾರಲ್ಲ!

ನಮ್ಮ ಅಕ್ಷರ ಎಲ್ಲಿ ಕಾಣುತ್ತದೆ?

ಈಗ ಸ್ವಲ್ಪ ಗಂಭೀರವಾಗಿ ಯೋಚಿಸಿ. ನೀವಿರುವ ನಗರದಲ್ಲಿ ಮನೆಯ ಹೊರಗೆ ಕನ್ನಡ ಅಕ್ಷರ ಎಲ್ಲೆಲ್ಲಿ ಕಾಣುತ್ತದೆ? ಮುಂಬೈಯ ಸ್ಟೇಷನ್ ಬೋರ್ಡುಗಳಲ್ಲಿ ಮರಾಠಿ, ಹಿಂದಿ, ಇಂಗ್ಲಿಷ್. ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಂಥ ಸಂಘಗಳ ಫಲಕ, ಒಂದಿಷ್ಟು ದೇವಸ್ಥಾನ, ಶಾಲೆ. ದೆಹಲಿಯಾದರೆ ಲೋಧಿ ಎಸ್ಟೇಟಿನ ಕನ್ನಡ ಶಾಲೆ, ರಾಮಕೃಷ್ಣಪುರದ ಕರ್ನಾಟಕ ಸಂಘ. ಬೆರಳಲ್ಲಿ ಎಣಿಸಿ ಮುಗಿಸಬಹುದು. ಮಾತು ಹಾಗಲ್ಲ. ಮಾತು ಫೋನಿನಲ್ಲಿದೆ, ಅಡುಗೆಮನೆಯಲ್ಲಿದೆ, ನಮ್ಮ ಕಾರ್ಯಕ್ರಮದಲ್ಲಿದೆ. ಲಿಪಿ ಮಾತ್ರ ಕಣ್ಣಿಗೆ ಬೀಳಬೇಕು, ಬಿದ್ದರೇ ಅದಕ್ಕೆ ಬದುಕು.

ಹಾರ್ಬರ್ ಲೈನಿನ ಹೆಂಗಸರ ಬೋಗಿಯಲ್ಲಿ ಒಂದು ಬೆಳಿಗ್ಗೆ ನಾನು ಕಂಡದ್ದನ್ನು ಹೇಳುತ್ತೇನೆ. ಅರವತ್ತು ದಾಟಿದ ಒಬ್ಬರು ಚೆಂಬೂರಿನಿಂದ ಓದುತ್ತಾ ಬಂದಿದ್ದರು. ಪುಸ್ತಕಕ್ಕೆ ಹಳೆಯ ಕ್ಯಾಲೆಂಡರಿನ ಹಾಳೆಯ ರಟ್ಟು, ಹೆಸರು ಕಾಣುವ ಹಾಗಿಲ್ಲ. ವಡಾಲದಲ್ಲಿ ಹತ್ತಿದ, ಕುತ್ತಿಗೆಗೆ ಆಫೀಸಿನ ಕಾರ್ಡು ಹಾಕಿಕೊಂಡ ಹುಡುಗಿಯೊಬ್ಬಳು ಪುಟದ ಮೇಲೆ ಬಗ್ಗಿ ನೋಡಿ ಕೇಳಿದಳು, "ಆಂಟಿ, ಇದು ಕನ್ನಡ ಅಲ್ವಾ?"

"ಹೌದು ಮಗಾ. ನಿನಗೆ ಬರ್ತದಾ?"

"ಮಾತಾಡ್ತೇನೆ ಆಂಟಿ, ಮನೆಯಲ್ಲಿ ತುಳು ಮತ್ತೆ ಕನ್ನಡ ಎರಡೂ. ಓದಲಿಕ್ಕೆ ಬರುವುದಿಲ್ಲ. ಇಲ್ಲಿಯ ಶಾಲೆ ಅಲ್ವಾ... ನನ್ನ ಹೆಸರು 'ಮ'ದಿಂದ ಶುರು. ಅದು ಯಾವುದು ತೋರಿಸಿ."

ಆ ತಾಯಿ ಬೆರಳಿಟ್ಟು ತೋರಿಸಿದರು. ಹುಡುಗಿ ಪಕ್ಕದ ಸಾಲಿನಲ್ಲಿ ಇನ್ನೊಂದು ಹುಡುಕಿ, "ಇದೂ 'ಮ' ಅಲ್ವಾ?" ಎಂದಳು. "ಅಲ್ಲ, ಅದು 'ವ'. ಬಾಲ ಇದ್ದರೆ 'ಮ', ಇಲ್ಲದಿದ್ದರೆ 'ವ'." ಕಾಟನ್ ಗ್ರೀನ್ ಬರುವಷ್ಟರಲ್ಲಿ ಆ ಪುಟದ 'ಮ'ಗಳನ್ನೆಲ್ಲ ಎಣಿಸಿ ಮುಗಿಸಿದ್ದಳು! ಸ್ಯಾಂಡ್‌ಹರ್ಸ್ಟ್ ರೋಡಿನಲ್ಲಿ ಇಳಿಯುವ ಮುನ್ನ ಇಬ್ಬರೂ ತುಳುವಿನಲ್ಲಿ ಊರು, ಮನೆತನ ವಿಚಾರಿಸಿಕೊಳ್ಳುತ್ತಿದ್ದರು.

ಮುಂಬೈಯಲ್ಲಿ, ಪುಣೆಯಲ್ಲಿ, ದೆಹಲಿಯಲ್ಲಿ ಬೆಳೆದ ಎಷ್ಟು ಮಕ್ಕಳ ಕಥೆ ಇದು! ಕನ್ನಡ ಕಿವಿಗೆ ಗೊತ್ತು, ನಾಲಗೆಗೆ ಗೊತ್ತು, ಕಣ್ಣಿಗೆ ಗೊತ್ತಿಲ್ಲ. ಅವರಿಗೆ ಅಜ್ಜಿಯ ಕಾಗದ ಓದಲಾಗದು, ಮದುವೆಯ ಕರೆಯೋಲೆ ಓದಲಾಗದು, ಊರಿಗೆ ಹೋದಾಗ ಬಸ್ಸಿನ ಬೋರ್ಡು ಓದಲಾಗದು. ಹಿಂದೆ ಹೋಟೆಲಿನಲ್ಲಿ ದುಡಿಯುತ್ತಿದ್ದ ಹುಡುಗರು ಹಗಲೆಲ್ಲ ಕೆಲಸ ಮಾಡಿ ಮುಂಬೈಯ ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತರು. ಅಷ್ಟು ಕಷ್ಟಪಟ್ಟು ಗಳಿಸಿದ್ದನ್ನು ಮುಂದಿನ ತಲೆಮಾರಿಗೆ ದಾಟಿಸುವ ಬಗೆ ಏನು ಎಂಬುದೇ ಈಗಿನ ಪ್ರಶ್ನೆ. ರೈಲಿನಲ್ಲಿ ತೆರೆದಿಟ್ಟ ಒಂದು ಪುಸ್ತಕ ಶಾಲೆಯ ಕೆಲಸ ಮಾಡದು, ನಿಜ. ಆದರೆ "ನನ್ನ ಭಾಷೆಗೂ ಅಕ್ಷರವಿದೆ, ಅದನ್ನು ಈ ಊರಿನಲ್ಲೂ ಓದುತ್ತಾರೆ" ಎಂದು ಆ ಹುಡುಗಿಗೆ ಅನ್ನಿಸಿದ್ದು ಆ ರಟ್ಟಿನ ಪುಸ್ತಕದಿಂದಲೇ.

ಇನ್ನೊಂದು ಮಾತು. ಕನ್ನಡ ಸಾಹಿತ್ಯಕ್ಕೆ ಮುಂಬೈಯ ಋಣ ದೊಡ್ಡದು. ಯಶವಂತ ಚಿತ್ತಾಲರ 'ಶಿಕಾರಿ' 1979ರಲ್ಲಿ ಬಂತು, ಅದರ ಲೋಕವೇ ಮುಂಬೈ. ಇಲ್ಲಿಯೇ ಔಷಧ ಕಂಪನಿಯಲ್ಲಿ ಕೆಲಸ ಮಾಡಿದ್ದ ಜಯಂತ ಕಾಯ್ಕಿಣಿಯವರ ಮುಂಬೈ ಕಥೆಗಳು ತೇಜಸ್ವಿನಿ ನಿರಂಜನರ ಅನುವಾದದಲ್ಲಿ 2018ರ ಸಾಲಿನ ಡಿಎಸ್‌ಸಿ ಪ್ರಶಸ್ತಿ ಪಡೆದವು. ಈ ಊರಿನ ಚಾಳು, ಆಫೀಸು, ಜನಜಂಗುಳಿಗಳೇ ಕನ್ನಡದ ಪುಸ್ತಕಗಳಾಗಿವೆ. ಆ ಪುಸ್ತಕಗಳನ್ನು ಇಲ್ಲಿಯ ರೈಲಿನಲ್ಲೇ ಓದುವುದಕ್ಕಿಂತ ಸರಿಯಾದ ಜಾಗ ಯಾವುದು, ಹೇಳಿ?

ಫೋನು ಬಂದ ಮೇಲೆ

"ಈಗ ಯಾರು ಓದ್ತಾರೆ, ಎಲ್ಲರ ಕೈಯಲ್ಲೂ ಫೋನು" ಎಂಬ ನಿಟ್ಟುಸಿರು ನೀವೂ ಕೇಳಿರುತ್ತೀರಿ. ಅದು ಅರ್ಧ ಮಾತ್ರ ಸರಿ. ಫೋನು ನೋಡುವವರೆಲ್ಲ ಆಟವಾಡುತ್ತಿಲ್ಲ. ಪತ್ರಿಕೆ, ಕಥೆ, ಕಾದಂಬರಿ, ಎಲ್ಲವೂ ಅಲ್ಲೇ ಸಿಗುತ್ತವೆ. ಎದುರಿಗೆ ಕೂತ ಯುವಕ ಪರದೆಯ ಮೇಲೆ ಭೈರಪ್ಪನವರನ್ನೋ ತೇಜಸ್ವಿಯವರನ್ನೋ ಓದುತ್ತಿರಬಹುದು. ಕಿವಿಗೆ ತಂತಿ ಸಿಕ್ಕಿಸಿಕೊಂಡ ಆ ಹೆಂಗಸು ನಮ್ಮ ಕಾರ್ಯಕ್ರಮವನ್ನೇ ಕೇಳುತ್ತಿರಬಹುದು, ಕೇಳುತ್ತಿದ್ದರೆ ನಮಗೆ ಸಂತೋಷ! ತೊಂದರೆ ಇರುವುದು ಬೇರೆ ಕಡೆ. ಫೋನಿಗೆ ಮುಖಪುಟ ಇಲ್ಲ. ಓದುವವರು ಏನು ಓದುತ್ತಿದ್ದಾರೆಂದು ಅವರಿಗೊಬ್ಬರಿಗೇ ಗೊತ್ತು. ಒಂದೇ ಬೋಗಿಯಲ್ಲಿ ಐದು ಜನ ಕನ್ನಡ ಓದುತ್ತಿದ್ದರೂ ಒಬ್ಬರಿಗೊಬ್ಬರು ಪತ್ತೆಯಾಗುವುದಿಲ್ಲ.

ಬೇರೆ ಊರುಗಳಲ್ಲಿ ಇದಕ್ಕೆ ಉಪಾಯ ಹುಡುಕಿದ್ದಾರೆ. ಲಂಡನ್ನಿನ ಸುರಂಗ ರೈಲಿನಲ್ಲಿ 1986ರಿಂದ ಜಾಹೀರಾತಿನ ಜಾಗದಲ್ಲಿ ಕವಿತೆಗಳನ್ನು ಹಾಕುತ್ತಾ ಬಂದರು. ಓದಿ ಮುಗಿಸಿದ ಪುಸ್ತಕವನ್ನು ಮುಂದಿನ ಪ್ರಯಾಣಿಕರಿಗಾಗಿ ಸೀಟಿನ ಮೇಲೆ ಬಿಟ್ಟುಹೋಗುವ ಪರಿಪಾಠವೂ ಅಲ್ಲಿ ಹುಟ್ಟಿ, 2017ರಲ್ಲಿ ದೆಹಲಿ ಮೆಟ್ರೋಕ್ಕೂ ಬಂತು. ದುಡ್ಡಿನ ಮಾತಿಲ್ಲ, ಪುಸ್ತಕದ ಮೇಲೊಂದು ಚೀಟಿ, ಓದಿ ಮುಗಿಸಿ ಮತ್ತೆ ಬಿಟ್ಟುಹೋಗಿ ಎಂಬ ವಿನಂತಿ, ಅಷ್ಟೇ.

ನೋಡುವುದಕ್ಕೂ ಒಂದು ರೀತಿ ಇದೆ

ಹಾಗಂತ ಕಂಡವರ ಪುಸ್ತಕದೊಳಗೆ ತಲೆ ತೂರಿಸಬೇಡಿ! ಓದುವವರು ತುಂಬಿದ ರೈಲಿನಲ್ಲೇ ತಮ್ಮದೊಂದು ಕೋಣೆ ಕಟ್ಟಿಕೊಂಡಿರುತ್ತಾರೆ. ಅಮೆರಿಕದ ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1963ರಲ್ಲಿ ಇದಕ್ಕೊಂದು ಹೆಸರು ಕೊಟ್ಟ. ಕನ್ನಡದಲ್ಲಿ 'ಸಭ್ಯ ಅಲಕ್ಷ್ಯ' ಎನ್ನಬಹುದು. ಅಪರಿಚಿತರನ್ನು ಒಮ್ಮೆ ನೋಡಿ "ನೀವಿದ್ದೀರಿ, ಗೊತ್ತಾಯಿತು" ಎಂದು ಕಣ್ಣಲ್ಲೇ ಹೇಳಿ, ಆಮೇಲೆ ದೃಷ್ಟಿ ಬೇರೆಡೆ ತಿರುಗಿಸಿ ಅವರ ಪಾಡಿಗೆ ಅವರನ್ನು ಬಿಡುವುದು. ನಮ್ಮ ಹಿರಿಯರು ಇದನ್ನು ಹೆಸರಿಲ್ಲದೆಯೇ ಕಲಿಸಿದ್ದರು, ಉಣ್ಣುವವರ ತಟ್ಟೆ ನೋಡಬಾರದು ಅಂತ.

ಮುಖಪುಟ ನೋಡಿ, ಮುಖವನ್ನೇ ದಿಟ್ಟಿಸಬೇಡಿ. ಅನುಮತಿ ಇಲ್ಲದೆ ಫೋಟೋ ತೆಗೆಯಬೇಡಿ, ಓದುವವರು ಎಷ್ಟೇ ಚೆಂದ ಕಂಡರೂ. ಅದರಲ್ಲೂ ಒಬ್ಬಳೇ ಕೂತ ಹೆಣ್ಣುಮಗಳಿಗೆ ಪುಸ್ತಕ ಎಷ್ಟೋ ಸಲ ಓದಿನ ಜೊತೆಗೆ ಬೇಲಿಯೂ ಆಗಿರುತ್ತದೆ, "ದಯವಿಟ್ಟು ಮಾತಾಡಿಸಬೇಡಿ" ಎಂಬ ಫಲಕ. ಕೇಳಲೇಬೇಕು ಅನ್ನಿಸಿದರೆ ಅವರು ಪುಸ್ತಕ ಮುಚ್ಚಿ ಬ್ಯಾಗಿಗೆ ಹಾಕುವಾಗ ಕೇಳಿ. ಅದೂ ಒಂದೇ ಪ್ರಶ್ನೆ, "ಚೆನ್ನಾಗಿದೆಯಾ?" ಉತ್ತರ ಉದ್ದವಾದರೆ ನಿಮ್ಮ ಪುಣ್ಯ, ಚಿಕ್ಕದಾದರೆ ಅಲ್ಲಿಗೇ ನಿಲ್ಲಿಸಿ.

ಓದುವವರಲ್ಲೂ ಒಂದು ವಿನಂತಿ. ಕನ್ನಡ ಪುಸ್ತಕಕ್ಕೆ ಪೇಪರಿನ ರಟ್ಟು ಹಾಕಬೇಡಿ. ಮಾಸಿದರೆ ಮಾಸಲಿ, ಹರಿದರೆ ಅಂಟಿಸೋಣ. ಹೆಸರು ಹೊರಗೆ ಕಾಣಲಿ. ವಾರಕ್ಕೆ ಒಂದು ದಿನವಾದರೂ ಫೋನು ಒಳಗಿಟ್ಟು, ಕಾಗದದ ಪುಸ್ತಕವನ್ನು ಎದೆಮಟ್ಟಕ್ಕೆ ಎತ್ತಿ ಹಿಡಿದು ಓದಿ. ಮಕ್ಕಳು ಜೊತೆಗಿದ್ದರೆ ಒಂದು ಆಟ ಆಡಿಸಿ: ಇವತ್ತಿನ ಅಕ್ಷರ 'ಕ', ಮುಂದಿನ ಸ್ಟೇಷನ್ ಬರುವುದರೊಳಗೆ ಈ ಪುಟದಲ್ಲಿ ಎಷ್ಟು ಸಿಗುತ್ತದೆ ನೋಡೋಣ ಅಂತ. ವರ್ಣಮಾಲೆ ಮುಗಿಯಲು ಎರಡು ತಿಂಗಳ ಪ್ರಯಾಣ ಸಾಕು.

ಕೊನೆಗೊಂದು ಕೆಲಸ ನಿಮಗೆ. ಈ ತಿಂಗಳು ನಿಮ್ಮ ರೈಲು, ಬಸ್ಸು, ಮೆಟ್ರೋದಲ್ಲಿ ಯಾರ ಕೈಯಲ್ಲಾದರೂ ಕನ್ನಡ ಪುಸ್ತಕ ಕಂಡರೆ ನಮಗೆ ಬರೆದು ತಿಳಿಸಿ. ಓದುತ್ತಿದ್ದವರ ಹೆಸರು, ವಿವರ ಬೇಡ. ಪುಸ್ತಕದ ಹೆಸರು, ಯಾವ ನಿಲ್ದಾಣದಿಂದ ಯಾವ ನಿಲ್ದಾಣದವರೆಗೆ, ಇಷ್ಟು ಸಾಕು. ಕಾರ್ಯಕ್ರಮದಲ್ಲಿ ಒಂದೊಂದಾಗಿ ಓದಿ ಹೇಳುತ್ತೇನೆ. ಯಾರಿಗೆ ಗೊತ್ತು, "ಮುಲುಂಡದಿಂದ ದಾದರ್, 'ಮಲೆಗಳಲ್ಲಿ ಮದುಮಗಳು'" ಎಂದು ನಾನು ಓದುವಾಗ ಎಲ್ಲೋ ಒಬ್ಬರು ರೇಡಿಯೋದ ಮುಂದೆ ಕೂತು "ಅಯ್ಯೋ, ಅದು ನಾನೇ!" ಎಂದು ನಗಬಹುದು.

ಮತ್ತೆ ಸಿಗೋಣ. ಹುಷಾರಾಗಿ ಹತ್ತಿ, ಹುಷಾರಾಗಿ ಇಳಿಯಿರಿ. ಓದಿನಲ್ಲಿ ಮುಳುಗಿ ಸ್ಟೇಷನ್ ಮಾತ್ರ ಮರೆಯಬೇಡಿ!